ಮುನಿಶಾಮಮ್ಮನಿಗೆ ಓದದೆ ಬಿಟ್ಟ ಅಧ್ಯಾಯ

ಗಣಿಗೆ ಇಳಿದವರೆಲ್ಲ ಮೇಲೆ ಬರಲಿಲ್ಲ. ಎಷ್ಟು ಚಿನ್ನ ಮೇಲೆ ಬಂತು ಅನ್ನುವುದನ್ನು ಬಾಯಿಪಾಠ ಒಪ್ಪಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೋಲಾರದ ಚಿನ್ನ ಎಂದ ಕೂಡಲೇ ಕಣ್ಣರಳಿಸುವವರಿಗೂ ಬರವಿಲ್ಲ. ಆದರೆ ಈ ಮೊದಲ ಸಾಲು ಮಾತ್ರ ಯಾರ ನಾಲಿಗೆಗೂ ಬರುವುದಿಲ್ಲ. ಗೊತ್ತಿರಲಿಲ್ಲ ಅನ್ನಬೇಡಿ. ಗೊತ್ತಿರಬೇಕಿತ್ತು.

ಕೋಲಾರದ ಗಣಿಸೀಮೆಯ ಕೋರಮಂಡಲಿನ ಮುನಿಶಾಮಮ್ಮನ ಗಂಡ ಕೋದಂಡಪ್ಪ ಹಾಗೆ ಮೇಲೆ ಬಾರದವರಲ್ಲಿ ಒಬ್ಬ. ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ಬೆಳಗಿನ ಪಾಳಿಗೆ ಇಳಿದಿದ್ದ. ಒಳಗೆ ಬಂಡೆ ಸಿಡಿಯಿತು. ಒಳಗೆ ಬಂಡೆ ಸಿಡಿದರೆ ಮೇಲೆ ಗಣಿ ಕೆಲಸದವರು ಸಾಲಾಗಿ ವಾಸವಿರುವ ಲೈನ್ ಮನೆಗಳಲ್ಲಿ ಗೂಡಿನ ಪಾತ್ರೆ ಅಲುಗುತ್ತವೆ. ಅವಳ ಮನೆಯಲ್ಲೂ ಅಲುಗಿದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಗಣಿ ಬಾಯಿಗೆ ಓಡಿದಳು. ಅಲ್ಲಿ ಆಗಲೇ ಹೆಂಗಸರ ಗುಂಪು. ಸಂಜೆಯವರೆಗೂ ನಿಂತಳು. ಕೊನೆಗೆ ಅದೇ ಗಣಿಯಲ್ಲಿ ಕೆಲಸಕ್ಕಿದ್ದ ಮೈದುನ ಬಚ್ಚಪ್ಪ ಬಂದು ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದ. ಆ ಭಾಗ ಪೂರ್ತಿ ಕುಸಿದಿದೆ, ತೆಗೆಯೋಕಾಗಲ್ಲ ಅಂದ. ಒಂದೇ ಏಟಿಗೆ ಹೋಗಿಬಿಟ್ಟ, ಅವನಿಗೇನೂ ಗೊತ್ತಾಗಿಲ್ಲ ಅಂತಲೂ ಅಂದ. ಆಮೇಲೆ ಅವಳು ಯಾರನ್ನು ಕೇಳಿದರೂ ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಇವರೆಲ್ಲ ಕೂತು ಮಾತಾಡಿಕೊಂಡಿದ್ದಾರೆ ಅಂತ ಮುನಿಶಾಮಮ್ಮನಿಗೆ ಅನಿಸಿತು. ಅನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಕೂಸು ಸಾಕಬೇಕಿತ್ತು, ಸಾಕಿದಳು.

ಈಗ ಆ ಕೂಸಿಗೆ ಮದುವೆಯಾಗಿ ಅದರ ಕೂಸುಗಳು ಶಾಲೆಗೆ ಹೋಗುತ್ತವೆ. ಮುನಿಶಾಮಮ್ಮ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗುತ್ತಾಳೆ, ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಕಸ ಮುಸುರೆ ಮಾಡಿ ಸಂಜೆ ರೈಲಿಗೆ ಹಿಂತಿರುಗುತ್ತಾಳೆ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳವಾಡಬಲ್ಲಳು. ಮೂರರಲ್ಲಿ ಒಂದರ ಅಕ್ಷರವೂ ಬಾರದು. ಅಂಥವಳ ಕೈಗೆ ಒಂದು ಕಾದಂಬರಿ ಬಂತು. ಕೆಲಸದ ಮನೆಯಲ್ಲಿ ಕಪಾಟು ಖಾಲಿ ಮಾಡಿ ರದ್ದಿಗೆಂದು ಹೊರಗಿಟ್ಟ ರಾಶಿಯ ಮೇಲೆ ಅದು ಬಿದ್ದಿತ್ತು. ಮೇಲಿನ ರಟ್ಟು ಅರ್ಧ ಹರಿದು, ಪುಸ್ತಕದ ಹೆಸರೂ ಬರೆದವರ ಹೆಸರೂ ಹೋಗಿದ್ದವು. ಚಿತ್ರ ಮಾತ್ರ ಉಳಿದಿತ್ತು. ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು, ಅವಳ ಹಿಂದೆ ಬೋಳು ಬಂಡೆಯ ಗುಡ್ಡ. ಆ ಬಂಡೆ ನಮ್ಮ ಕಡೆಯದೇ ಅನಿಸಿತು ಮುನಿಶಾಮಮ್ಮನಿಗೆ. ಕೇಳಿದಳು. ತಗೊಂಡು ಹೋಗಿ, ಆದರೆ ನಿಮಗ್ಯಾಕೆ ಅದು ಅಂದರು ಮನೆಯವರು. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ರೈಲಿನಲ್ಲಿ ಪುಸ್ತಕವನ್ನು ಸುಮಿತಾಳ ತೊಡೆ ಮೇಲೆ ಇಟ್ಟಳು. ಸುಮಿತಾ ಮಾರಿಕುಪ್ಪಂನಲ್ಲಿ ಹತ್ತುವ ಹುಡುಗಿ, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ, ಪಿಯುಸಿ ಓದಿದ್ದಾಳೆ. ಈಚೆಗೆ ಅಲ್ಲಿಗೆ ಮನೆ ಬದಲಿಸುವವರೆಗೂ ಮುನಿಶಾಮಮ್ಮನ ಲೈನಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳನ್ನು ಅತ್ತೆ ಅನ್ನುತ್ತಾಳೆ. ಇದರಾಗೇನೈತೆ ನೋಡು ಅಮ್ಮಿ ಅಂದಳು ಅತ್ತೆ. ಸುಮಿತಾ ಮೊದಲ ಪುಟ ಗಟ್ಟಿಯಾಗಿ ಓದಿದಳು.

ಚೋಳರು ಈ ಸೀಮೆ ಆಳುತ್ತಿದ್ದ ಕಾಲದ ಕತೆ ಅದು. ಇದೇ ನೆಲದಲ್ಲಿ, ಯಂತ್ರ ಇಲ್ಲದ ದಿನಗಳಲ್ಲಿ, ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಕೆಂಪಗೆ ಕಾದ ಮೇಲೆ ನೀರು ಎರಚಿ ಸೀಳಿ ಚಿನ್ನ ತೆಗೆಯುತ್ತಿದ್ದ ಜನರ ಕತೆ. ಮಾಚ ಅನ್ನುವವನು ಗುಂಡಿಗೆ ಇಳಿಯುತ್ತಾನೆ. ಅವನ ಹೆಂಡತಿ ಕಾಟವ್ವೆ ಒಡೆದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ತರುತ್ತಾಳೆ. ಚಿತ್ರದ ಹೆಂಗಸು ಅವಳೇ.

ಮುನಿಶಾಮಮ್ಮ ಬಾಯಿ ಮುಚ್ಚುವುದನ್ನೇ ಮರೆತು ಕೇಳಿದಳು. ಗಣಿ ಅಂದರೆ ಬಿಳಿಯರು ತೋಡಿದ್ದು ಅಂತಲೇ ಅವಳು ತಿಳಿದಿದ್ದು. ಅದಕ್ಕೂ ಎಷ್ಟೋ ತಲೆಮಾರು ಹಿಂದೆ, ತನ್ನ ಮನೆಯ ಒಲೆ ಇರುವ ನೆಲದ ಅಡಿಯಲ್ಲಿ ಯಾರೋ ಬೆಂಕಿ ಹಾಕಿಕೊಂಡು ಕೂತಿದ್ದರಂತೆ! ಕಿಟಕಿಯಾಚೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಹಿಂದಕ್ಕೆ ಸರಿಯುತ್ತಿದ್ದವು. ಹುಟ್ಟಿದಾಗಿನಿಂದ ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದ ಆ ದಿಬ್ಬಗಳನ್ನು ಅವಳು ಅವತ್ತು ಹೊಸ ನೆಂಟರನ್ನು ನೋಡಿದ ಹಾಗೆ ನೋಡಿದಳು.

ಅಂದಿನಿಂದ ಆ ಬೋಗಿಗೆ ಕೆಲವು ಕಾನೂನುಗಳು ಬಂದವು. ಓದುವವರಿಗೆ ಕಿಟಕಿ ಸೀಟು. ಓದುವಾಗ ಫೋನಿನಲ್ಲಿ ಹಾಡು ಹಾಕಿದವರಿಗೆ ಬೈಗುಳ. ಬಂಗಾರಪೇಟೆಯಲ್ಲಿ ಸೊಪ್ಪಿನ ಮೂಟೆ ಹೊತ್ತು ಹತ್ತುವ ಗಂಗರತ್ನಮ್ಮನಿಗೆ ಅಲ್ಲಿಯವರೆಗಿನ ಕತೆಯನ್ನು ಚುಟುಕಾಗಿ ಹೇಳಬೇಕು, ಇಲ್ಲದಿದ್ದರೆ ಮುಂದೆ ಓದಲು ಅವಳು ಬಿಡುವುದಿಲ್ಲ. ಗಂಗರತ್ನಮ್ಮ ಹತ್ತಿರದ ಹಳ್ಳಿಯ ರೈತರ ಮನೆ ಹೆಂಗಸು, ಏಳನೇ ಕ್ಲಾಸಿನವರೆಗೆ ಓದಿದವಳು, ಕೃಷ್ಣರಾಜಪುರದಲ್ಲಿ ಕೊತ್ತಂಬರಿ ದಂಟು ಮಾರುತ್ತಾಳೆ. ಶನಿವಾರ ಸಂಜೆ ಪುಸ್ತಕ ಅವಳ ಜೊತೆ ಊರಿಗೆ ಹೋಗುತ್ತದೆ. ಭಾನುವಾರ ಅವಳು ಗಂಡ ಸೀನಪ್ಪನಿಗೆ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳುತ್ತಾಳೆ. ಸೋಮವಾರ ಸೀನಪ್ಪನ ಅಭಿಪ್ರಾಯವೂ ಸೊಪ್ಪಿನ ಜೊತೆ ರೈಲು ಹತ್ತುತ್ತದೆ.

ಕತೆಯಲ್ಲಿ ಆ ಗುಂಡಿಗಳ ಒಡೆಯ ಒಂದು ಕೆರೆ ಕಟ್ಟಿಸಿದ್ದ. ಅಷ್ಟಕ್ಕೇ ಸೀನಪ್ಪ, ಗಂಗರತ್ನಮ್ಮ ಇಬ್ಬರೂ ಅವನ ಕಡೆ ಆಗಿಬಿಟ್ಟಿದ್ದರು. ನೀರು ಕೊಟ್ಟೋನು ಕೆಟ್ಟೋನು ಎಂಗಾಯ್ತಾನೆ ಅನ್ನುವುದು ಸೀನಪ್ಪನ ವಾದ. ಆ ಕೆರೆ ಮಣ್ಣು ಹೊತ್ತೋರು ಯಾರು, ನಿನ್ನ ಗಂಡನಾ ಅಂತ ಮುನಿಶಾಮಮ್ಮ ತಿರುಗಿ ಕೇಳುವಳು. ಬೋಗಿ ಎರಡು ಪಕ್ಷವಾಗುತ್ತಿತ್ತು. ಮಾಲೂರಿನ ಹೂವಿನವರು ಒಡೆಯನ ಕಡೆ, ಮನೆಗೆಲಸದವರು ಕಾಟವ್ವೆಯ ಕಡೆ. ಕನ್ನಡದಲ್ಲಿ ಓದುಗರೇ ಇಲ್ಲ ಎಂದು ವೇದಿಕೆ ಮೇಲೆ ಶಾಲು ಹೊದ್ದು ಅಳುವ ಮಹನೀಯರು ಒಂದು ಬೆಳಗ್ಗೆ ಈ ರೈಲು ಹತ್ತಬೇಕಿತ್ತು. ಹತ್ತುವುದಿಲ್ಲ. ಕೂರಲು ಸೀಟು ಸಿಗುವುದಿಲ್ಲವಲ್ಲ.

ಒಂದು ಶುಕ್ರವಾರ ಸುಮಿತಾ ಓದುತ್ತಾ ಓದುತ್ತಾ ಕೆಮ್ಮಿದಳು, ಒಂದಷ್ಟು ಹಾಳೆ ಒಟ್ಟಿಗೆ ಮಗುಚಿದಳು. ಆಮೇಲೆ ಮಾಚನಿಗೆ ಜ್ವರ ಬಂದು ತೀರಿಕೊಂಡ, ಕಾಟವ್ವೆ ಮಗಳನ್ನು ಕರೆದುಕೊಂಡು ಆವನಿ ಬೆಟ್ಟದ ಕಡೆ ಹೊರಟಳು ಅಂದಳು. ಮುನಿಶಾಮಮ್ಮನಿಗೆ ಅದು ಸರಿಹೋಗಲಿಲ್ಲ. ನಿನ್ನೆ ತಾನೇ ಗಟ್ಟಿಯಾಗಿದ್ದ ಗಂಡಸು, ನಗುತ್ತಾ ಗುಂಡಿಗೆ ಇಳಿದವನು, ಎಲ್ಲಿಂದ ಬಂತು ಜ್ವರ? ಆ ಕಾಲದಾಗೆ ಔಷಧಿ ಎಲ್ಲಿತ್ತು ಅತ್ತೆ ಅಂದಳು ಸುಮಿತಾ, ಅವಳ ಮುಖ ನೋಡದೆ.

ಸೋಮವಾರ ಗಂಗರತ್ನಮ್ಮ ಮೂಟೆ ಇಳಿಸುವುದಕ್ಕೂ ಮುಂಚೆ ಬಾಯಿ ತೆಗೆದಳು.

"ಏನಮ್ಮಿ ಸುಮಿತಾ, ಜ್ವರ ಅಂದ್ಯಲ್ಲ, ಎಲ್ಲೈತೆ ಜ್ವರ? ನಾನು ಇಡೀ ಪುಸ್ತಕ ತಡಕಾಡಿದೆ. ಗುಂಡಿ ಕುಸಿದು ಮಾಚ ಒಳಗಿದ್ದಂಗೇ ಗುಂಡಿ ಬಾಯಿ ಮುಚ್ಚಿಸಿದ್ನಲ್ಲ ಆ ಪಾಪಿ ಒಡೆಯ. ನಮ್ಮನೇರು ಅದ ಕೇಳಿ ಮುದ್ದೆ ಬಿಟ್ಟು ಎದ್ದೋದ್ರು."

ಸುಮಿತಾ ಕಣ್ಣಲ್ಲೇ ಸನ್ನೆ ಮಾಡಿದಳು. ಗಂಗರತ್ನಮ್ಮನಿಗೆ ಅರ್ಥವಾಗಲಿಲ್ಲ. ಮುನಿಶಾಮಮ್ಮನಿಗೆ ಗಂಡ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ಹೇಗೆ ಹೋದ ಅಂತ ಕೇಳಿರಲಿಲ್ಲ. ರೈಲಿನ ಸ್ನೇಹದಲ್ಲಿ ಅದನ್ನೆಲ್ಲ ಕೇಳುವ ಪದ್ಧತಿ ಇಲ್ಲ. ಒಂದೇ ಲೈನಿನ ಸುಮಿತಾಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟಿದ್ದಳು. ಅತ್ತೆಗೆ ನೋವಾಗಬಾರದು ಅಂತ ಬಿಟ್ಟೆ ಅಂದಳು, ಅಳು ಬರುವ ದನಿಯಲ್ಲಿ.

ಮುನಿಶಾಮಮ್ಮ ಪುಸ್ತಕ ಕಿತ್ತುಕೊಂಡು ಚೀಲಕ್ಕೆ ಹಾಕಿದಳು. ಟ್ಯಾಕಲಿನಲ್ಲಿ ರೈಲು ನಿಂತಾಗ ಇಳಿದು ಬೇರೆ ಬೋಗಿಗೆ ಹೋಗಿ ಹತ್ತಿದಳು. ಆ ವಾರ ಪೂರ್ತಿ ಅವಳು ಅವರ ಜೊತೆ ಕೂರಲಿಲ್ಲ. ಗಂಡಸರ ನಡುವೆ ನೂಕಾಟದಲ್ಲಿ ನಿಂತು ಹೋದಳು, ನಿಂತು ಬಂದಳು. ಸಿಟ್ಟು ಸುಮಿತಾಳ ಮೇಲಿತ್ತೆ? ಅಷ್ಟೇ ಆಗಿದ್ದರೆ ಎರಡು ಮಾತು ಬೈದು ಮುಗಿಸುತ್ತಿದ್ದಳು. ಈ ಹುಡುಗಿಯ ಜ್ವರವೂ ಅವತ್ತಿನ ಒಂದೇ ಏಟಿನ ಮಾತೂ ಒಂದೇ ಜಾತಿಯವು ಅಂತ ಅವಳಿಗೆ ಹೊಳೆದಿತ್ತು. ಅವಳ ಗಂಡನ ಸಾವನ್ನು ಅವಳಿಂದ ಬಚ್ಚಿಟ್ಟಿದ್ದರು. ಈಗ ಕಾಟವ್ವೆಯ ಗಂಡನ ಸಾವನ್ನೂ ಬಚ್ಚಿಟ್ಟರು. ತನ್ನದೇ ಪುಸ್ತಕದಲ್ಲಿ! ನಮ್ಮ ಜನ ಬಡವರಿಗೆ ಧಾರಾಳವಾಗಿ ಕೊಡುವುದು ಈ ಕರುಣೆಯೊಂದನ್ನೇ: ನಿನಗೆ ತಡೆದುಕೊಳ್ಳುವ ಶಕ್ತಿ ಇಲ್ಲ, ಆದ್ದರಿಂದ ನಿನ್ನದನ್ನು ನಾವು ಇಟ್ಟುಕೊಂಡಿರುತ್ತೇವೆ. ಇದಕ್ಕೆ ಕರುಣೆ ಅಂತ ಹೆಸರಿಟ್ಟವರು ಯಾರೋ.

ಮುಂದಿನ ಸೋಮವಾರ ಅವಳು ಹಳೆಯ ಬೋಗಿಗೇ ಬಂದಳು. ಕಿಟಕಿ ಪಕ್ಕದಿಂದ ಸುಮಿತಾಳನ್ನು ಎಬ್ಬಿಸಿ ತಾನು ಕೂತಳು. ಪುಸ್ತಕವನ್ನು ಅವಳ ಕೈಗೆ ಕೊಟ್ಟಳು.

"ನಿಂತ್ಕೊಂಡೇ ಓದು. ಬಿಟ್ಟಿರೋ ಕಡೆಯಿಂದ. ಒಂದಕ್ಷರ ನುಂಗಿದ್ರೆ ಗಂಗರತ್ನ ಕೈಲಿ ಓದಿಸ್ತೀನಿ, ಅವ್ಳು ಓದಿ ಮುಗಿಸೋ ಅಷ್ಟೊತ್ತಿಗೆ ಬೆಂಗ್ಳೂರು ದಾಟೋಗಿರ್ತದೆ."

ಯಾರೋ ನಕ್ಕರು. ಸುಮಿತಾ ನಗಲಿಲ್ಲ. ಕಂಬಿ ಹಿಡಿದು ನಿಂತು ಓದತೊಡಗಿದಳು.

ಬೆಂಕಿ ಹಾಕಿದ ಬಂಡೆ ಸೀಳುವಾಗ ಗುಂಡಿಯ ಚಾವಣಿ ಕುಸಿಯಿತು. ಹೊಗೆ ಮೇಲೆ ನುಗ್ಗಿತು. ಬೆಂಕಿ ಪಕ್ಕದ ಗುಂಡಿಯ ಮರದ ಆಸರೆಗಳಿಗೆ ಹತ್ತೀತೆಂದು ಒಡೆಯ ಗುಂಡಿಯ ಬಾಯಿಗೆ ಮಣ್ಣು ಸುರಿಸಿದ. ಆಳುಗಳು ಅಳುತ್ತಾ ಸುರಿದರು. ಎಲ್ಲರೂ ಹೋದ ಮೇಲೆ ಕಾಟವ್ವೆ ನೆಲಕ್ಕೆ ಬಿದ್ದು ಬಂಡೆಗೆ ಕಿವಿ ಇಟ್ಟಳು. ಒಳಗಿನಿಂದ ಬಡಿತ ಕೇಳಿತು. ಅವಳು ಒಂದು ಕಲ್ಲು ತೆಗೆದುಕೊಂಡು ಮೇಲಿನಿಂದ ಬಡಿದಳು. ಕೆಳಗಿನವನು ಬಡಿದ, ಮೇಲಿನವಳು ಬಡಿದಳು. ಮಗಳು ಉಂಡಳು ಅಂತ ಬಂಡೆಗೆ ಹೇಳಿದಳು. ಆಡು ಈದಿದೆ ಅಂತ ಹೇಳಿದಳು. ಮನೆಯ ಸುದ್ದಿಯೆಲ್ಲ ಒಂದೊಂದಾಗಿ ಹೇಳಿ ಪ್ರತಿ ಸುದ್ದಿಗೂ ಒಂದು ಏಟು ಬಡಿದಳು, ಕೆಳಗಿನಿಂದ ಉತ್ತರ ಬರುವುದು ನಿಲ್ಲುವವರೆಗೆ. ನಿಂತ ಮೇಲೂ ಬಡಿಯುತ್ತಿದ್ದಳು.

ಬಂಗಾರಪೇಟೆ ಬಂತು. ಗಂಗರತ್ನಮ್ಮ ಹತ್ತಿದಳು, ಕತೆ ಹೇಳಿ ಅನ್ನಲಿಲ್ಲ, ಮೂಟೆಯ ಮೇಲೆಯೇ ಕೂತುಬಿಟ್ಟಳು. ನೂಕಿಕೊಂಡು ಬಂದ ಜನ ಒಬ್ಬರನ್ನು ನೋಡಿ ಒಬ್ಬರು ದನಿ ತಗ್ಗಿಸಿದರು. ಅಷ್ಟು ಜನ ತುಂಬಿದ ಬೋಗಿಯಲ್ಲಿ ಹಳಿಯ ಸದ್ದು ಬಿಟ್ಟರೆ ಒಂದು ಹುಡುಗಿಯ ದನಿ ಮಾತ್ರ. ಮುನಿಶಾಮಮ್ಮ ಅಳಲಿಲ್ಲ. ಅವಳ ಮುಖ ನೋಡಿದವರಿಗೆ ಏನನ್ನಿಸಿತೋ, ದೇವರ ಮುಂದೆ ದೀಪ ಹಚ್ಚುವಾಗ ನಿಂತ ಹಾಗೆ ನಿಂತಿದ್ದರು. ಬಡಿದ ಭಾಗ ಇನ್ನೊಂದು ಸಲ ಓದು ಅಂದಳು ಮುನಿಶಾಮಮ್ಮ. ಸುಮಿತಾ ಓದಿದಳು. ಬರೆದೋರು ಯಾರು ಅಂತ ಅತ್ತೆ ಕೇಳಿದಳು. ರಟ್ಟು ಹರಿದೋಗೈತಲ್ಲ ಅತ್ತೆ, ಗೊತ್ತಿಲ್ಲ ಅಂದಳು ಸುಮಿತಾ. ಮುನಿಶಾಮಮ್ಮ ಪುಸ್ತಕ ಈಸಿಕೊಂಡು ಹರಿದ ರಟ್ಟು ಸವರಿದಳು.

"ಯಾವೂರೋ ಯಾರೋ, ಇಷ್ಟು ಕಾಲ ಆದ್ಮೇಲೆ ಕುಂತು ಬರೆದೋರಿಗೆ ಆ ಬಡಿತ ಕೇಳಿಸೈತೆ. ನಮ್ಮೋನು ಒಂದೇ ಏಟಿಗೆ ಹೋದ ಅಂದ್ರು. ನಾನು ಒಂದಿನಾನೂ ನಂಬಲಿಲ್ಲ ಕಣಮ್ಮಿ. ನಂಬದೇ ಇರೋದ್ನ ಒಬ್ಳೇ ಇಟ್ಕೊಂಡಿದ್ದೆ. ನನ್ನಂಗೇ ಇನ್ನೊಬ್ಳು ಇದ್ಲು ಅಂತ ಇವತ್ತು ಗೊತ್ತಾಯ್ತು."

ಗಂಗರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ನಾನೂ ನಮ್ಮನೇರೂ ಆ ಒಡೆಯನ ಪಾರ್ಟಿ ಬಿಟ್ಟಾಯ್ತು, ಅವನ ಕೆರೆಗೆ ಬೆಂಕಿ ಬೀಳ ಅಂದಳು. ಕೆರೆಗೆ ಬೆಂಕಿ ಬೀಳಲ್ಲಕ್ಕ ಅಂತ ಹೂವಿನವಳು ಅಂದಾಗ ಬೋಗಿಗೆ ಮತ್ತೆ ಉಸಿರು ಬಂತು.

ಅವತ್ತು ಸಂಜೆ ಮುನಿಶಾಮಮ್ಮ ಕೋರಮಂಡಲಿನಲ್ಲಿ ಇಳಿಯಲಿಲ್ಲ. ಮಾರಿಕುಪ್ಪಂವರೆಗೂ ಹೋಗಿ ಬಚ್ಚಪ್ಪನ ಮನೆ ಬಾಗಿಲು ತಟ್ಟಿದಳು. ಗಣಿಯ ದೂಳು ಕುಡಿದು ಎದೆ ಸೋತ ಮುದುಕ ಈಗ ಅವನು. ಎದುರಿಗೆ ಕೂತು, ಅವತ್ತು ಏನಾಯ್ತು ಹೇಳು, ಬಿಡದಂಗೆ ಹೇಳು ಅಂದಳು. ಅವನು ಮೊದಲು ಹಳೆಯ ಮಾತೇ ಹೇಳಿದ. ಅವಳು ಏಳಲಿಲ್ಲ. ಆಗ ಹೇಳಿದ. ಒಳಗೆ ಸಿಕ್ಕಿಕೊಂಡವರು ಗಾಳಿ ಪೈಪನ್ನು ಬಡಿಯುತ್ತಿದ್ದರು. ಮಧ್ಯಾಹ್ನದವರೆಗೂ ಸದ್ದು ಬರುತ್ತಿತ್ತು. ಅಣ್ಣಾ ಅಂತ ಕೂಗಿ ಬಚ್ಚಪ್ಪನೂ ಈ ಕಡೆಯಿಂದ ಬಡಿದಿದ್ದ, ಕೈ ಒಡೆಯುವ ಹಾಗೆ. ಆಮೇಲೆ ಸದ್ದು ನಿಂತಿತು. ಕಂಕುಳಲ್ಲಿ ಕೂಸು ಇದ್ದ ಹೆಣ್ಣಿಗೆ ಇದನ್ನು ಹೇಳಬಾರದು ಅಂತ ಮೇಲೆ ಬಂದವರೆಲ್ಲ ಮಾತು ಕೊಟ್ಟುಕೊಂಡಿದ್ದರು. ಅವರಲ್ಲಿ ಈಗ ಉಳಿದಿರುವವನು ಅವನೊಬ್ಬನೇ.

ಬಚ್ಚಪ್ಪ ಅತ್ತ. ಅಷ್ಟು ವರ್ಷ ಅದನ್ನು ಹೊತ್ತವನು ಅವನೂ ಹೌದಲ್ಲ. ಮುನಿಶಾಮಮ್ಮ ಅವನ ಬಲಗೈ ತೆಗೆದುಕೊಂಡು ತನ್ನ ಎರಡೂ ಕೈಗಳಲ್ಲಿ ಹಿಡಿದು ನೋಡಿದಳು, ಕೋದಂಡಪ್ಪ ಕೊನೆಯದಾಗಿ ಕೇಳಿಸಿಕೊಂಡದ್ದು ಈ ಕೈಯನ್ನು ಅನ್ನುವ ಹಾಗೆ. ಅಲ್ಲೇ ಉಂಡಳು. ಮನೆಗೆ ನಡೆದುಕೊಂಡು ಹೋದಳು.

ಪುಸ್ತಕ ಇನ್ನೂ ಮುಗಿದಿಲ್ಲ. ಕಾಟವ್ವೆ ಮಗಳೊಂದಿಗೆ ಆವನಿ ಬೆಟ್ಟ ತಲುಪಿದ್ದಾಳೆ. ಬೋಗಿಯಲ್ಲಿ ಈಗ ಒಡೆಯನ ಪಕ್ಷದಲ್ಲಿ ಯಾರೂ ಇಲ್ಲ.

ಇನ್ನು ನೀವು. ನಿಮ್ಮ ಮನೆಯಲ್ಲೂ ಒಂದು ಕಪಾಟಿದೆ. ಕಸ ಗುಡಿಸಲು ಬಂದು ಅದರ ಮೇಲಿನ ದೂಳು ಒರೆಸಿ ಹೋಗುವ ಒಬ್ಬ ಹೆಂಗಸೂ ಇದ್ದಾಳೆ. ನಾಳೆ ಅವಳಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, ಅವಳು ಬೆರಳು ತೋರಿಸಿದ ಪುಸ್ತಕ ತೆಗೆದು ಗಟ್ಟಿಯಾಗಿ ಓದಿ. ಅವಳು ಏನನ್ನು ತಡೆದುಕೊಳ್ಳಬಲ್ಲಳು, ಏನನ್ನು ತಡೆದುಕೊಳ್ಳಲಾರಳು ಅನ್ನುವುದನ್ನು ತೀರ್ಮಾನಿಸಲು ನೀವು ಯಾರೂ ಅಲ್ಲ. ಪೂರ್ತಿ ಓದಿ.