ಪಕ್ಕದಲ್ಲಿ ಕೂರುತ್ತಿದ್ದವಳು

ವಿಜಯನಗರದ ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದ ಹುಡುಗಿ ಬಣ್ಣದ ಬಟ್ಟೆ ತೊಟ್ಟು, ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು, ಎಲ್ಲ ಕ್ಲಾಸಿನ ಮಿಸ್‌ಗಳಿಗೂ ಚಾಕೊಲೇಟ್ ಕೊಟ್ಟು ಬರುತ್ತಿದ್ದಳು. ಐದನೇ ಕ್ಲಾಸಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ನನ್ನ ಪಕ್ಕ ಕೂರುತ್ತಿದ್ದವಳನ್ನೇ. ಅವಳು ಕಾಲುಚೀಲ ಮೇಲೆಳೆದುಕೊಂಡು, "ಬಂದೆ ಇರೇ" ಅನ್ನುತ್ತಿದ್ದಳು. ಅವಳಿಗೆ ದಾರಿ ಬಿಡಲು ನಾನು ಪ್ರತಿಸಲವೂ ಎದ್ದು ನಿಲ್ಲಬೇಕಿತ್ತು. ನನ್ನನ್ನು ಯಾರೂ ಒಮ್ಮೆಯೂ ಕರೆಯಲಿಲ್ಲ. ಅವಳ ಕಾಲುಚೀಲ ಕಂಡರೂ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಅವಳದೇ ಹುಟ್ಟುಹಬ್ಬ ಬಂತು. ಇಡೀ ಕ್ಲಾಸು ಕೈಯೆತ್ತಿತು. ಅವಳು ಚಾಕೊಲೇಟ್ ಡಬ್ಬಿಯನ್ನು ನನ್ನ ಕಡೆ ಚಾಚಿ, "ನೀನ್ ಬಾರೇ" ಅಂದಳು.

ವರ್ಷವಿಡೀ ಆ ಮಾತಿಗೇ ಕಾದಿದ್ದ ನಾನು, "ನಂಗೆ ಕಾಲ್ ನೋವು ಕಣೇ, ಬರಲ್ಲ" ಅಂದೆ.

ಅವಳು ಹಿಂದಿನ ಬೆಂಚಿನವಳನ್ನು ಕರೆದಳು. ದಾರಿ ಬಿಡಲು ಅವತ್ತೂ ಎದ್ದು ನಿಂತೆ. ಕಾಲು ಚೂರೂ ನೋಯುತ್ತಿರಲಿಲ್ಲ.