ಆರ್ಲೋ ವೆಸೆಲಿಯ ಹತ್ತು ಮನೆಗಳು

ಲಿಂಡೋವಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಅಂಗಿ ಒಗೆಯುತ್ತ, ಹೆಲ್ಮೆಟ್ಟುಗಳ ತಿರುಪು ಬಿಗಿಯುತ್ತ ಮೂವತ್ತೊಂದು ವರ್ಷ ಕಳೆದವನು ನಾನು. ಆಟಗಾರರನ್ನು ಮುಖಕ್ಕಿಂತ ಅಂಗಿಯ ಕೊಳೆಯಿಂದಲೇ ಚೆನ್ನಾಗಿ ಗುರುತಿಸಬಲ್ಲೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಅಂಗಿ ಆಟ ಮುಗಿದ ಮೇಲೂ ಮದುವೆಗೆ ಹೋಗಿಬಂದ ಹಾಗಿರುತ್ತದೆ. ಅವನ ಮುಂದೆ ಗೋಡೆಯಾಗಿ ನಿಲ್ಲುವ ಐವರ ಅಂಗಿಗಳನ್ನು ಎರಡೆರಡು ಸಲ ನೆನೆಹಾಕಬೇಕು. ಪೇಪರಿನಲ್ಲಿ ಫೋಟೊ ಬರುವುದು ಮಾತ್ರ ಮದುವೆ ಅಂಗಿಯವನದು. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆರ್ಲೋ ವೆಸೆಲಿ ಆ ಐವರ ಕೋಚ್. ಎದುರಿನಿಂದ ನುಗ್ಗಿ ಬರುವವರನ್ನು ಮೈಯೊಡ್ಡಿ ತಡೆಯುವುದಷ್ಟೇ ಆ ಹುಡುಗರ ಕೆಲಸ. ನಡುವಿನವನು ಚೆಂಡನ್ನು ಕಾಲಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ. ಉಳಿದ ನಾಲ್ವರಿಗೆ ಅದನ್ನು ಮುಟ್ಟುವ ಯೋಗವೂ ಇಲ್ಲ. ಮೈಕಿನಲ್ಲಿ ಅವರ ನಂಬರು ಕೇಳಿಸಿದರೆ ಏನೋ ತಪ್ಪು ಮಾಡಿದ್ದಾರೆ ಎಂದರ್ಥ.

ಆರ್ಲೋ ಇಲ್ಲಿಂದ ಹನ್ನೆರಡು ಮೈಲಿ ದೂರದ ಮೆಕ್ಕೆಜೋಳದ ಹೊಲದಲ್ಲಿ ಬೆಳೆದವನು. ಕಾಲೇಜಿನಲ್ಲಿ ಅವನೂ ನಡುವಿನವನೇ. ಬಲಗೈಯ ಮೂರು ಬೆರಳು ಒಂದೊಂದು ದಿಕ್ಕಿಗೆ ತಿರುಗಿವೆ. ಅವನು ದಾರಿ ತೋರಿಸಿದರೆ ಎತ್ತ ಹೋಗಬೇಕೋ ತಿಳಿಯುವುದಿಲ್ಲ. ಓದು ಮುಗಿಸಿ ಡೋರೀನಳನ್ನು ಮದುವೆಯಾದ, ಕೋಚ್ ಆದ, ಅಂದಿನಿಂದ ಗಂಟುಮೂಟೆ ಕಟ್ಟುತ್ತಲೇ ಇದ್ದ. ಈ ಕಸುಬಿನ ಕಟ್ಟಳೆಯೇ ಹಾಗೆ. ಹೆಡ್ ಕೋಚ್‌ನನ್ನು ತೆಗೆದುಹಾಕಿದರೆ ಅವನ ಕೈಕೆಳಗಿನವರೆಲ್ಲ ಹೊರಡಬೇಕು, ಹೊಸಬ ತನ್ನವರನ್ನು ಕರೆತರುತ್ತಾನೆ. ಡಕೋಟಾ, ಕಾನ್ಸಾಸ್, ಅಯೋವಾ, ಮತ್ತೆ ಕಾನ್ಸಾಸ್ ಎಂದು ಸುತ್ತಿ ಇಪ್ಪತ್ತು ವರ್ಷದಲ್ಲಿ ಒಂಬತ್ತು ಮನೆ ಬದಲಾಯಿಸಿ ಕೊನೆಗೆ ನಮ್ಮೂರಿಗೆ ಬಂದ. ಇದು ಹತ್ತನೆಯ ಮನೆ, ಇದೇ ಕೊನೆಯದು ಎಂದು ಡೋರೀನಳಿಗೆ ಮಾತು ಕೊಟ್ಟ. ನಾನು ಆಗ ಪಕ್ಕದಲ್ಲೇ ಇದ್ದೆ. ಅವಳ ಪಿಯಾನೊದ ಒಂದು ತುದಿ ನನ್ನ ಕಾಲ ಮೇಲಿತ್ತು.

ಆಟಗಾರರನ್ನು ಆರಿಸುವ ಅವನ ರೀತಿ ನೋಡಿ ಬೇರೆ ಕೋಚ್‌ಗಳು ನಗುತ್ತಿದ್ದರು. ಎಷ್ಟು ಜೋರಾಗಿ ಓಡುತ್ತೀಯ, ಎಷ್ಟು ಭಾರ ಎತ್ತುತ್ತೀಯ ಎಂದು ಕೇಳುವವನೇ ಅಲ್ಲ. ಹುಡುಗನ ಮನೆಗೆ ಹೋಗಿ ಅವರಮ್ಮ ಕೊಟ್ಟ ಕಾಫಿ ಕುಡಿದು, ಪೆನ್ನು ಫ್ರಿಜ್ಜಿನ ಹಿಂದೆ ಬಿತ್ತು, ಸ್ವಲ್ಪ ಸರಿಸಪ್ಪ ಎನ್ನುತ್ತಿದ್ದ. ಹುಡುಗ ಮಂಡಿ ಬಗ್ಗಿಸುತ್ತಾನೋ ಬೆನ್ನು ಬಗ್ಗಿಸುತ್ತಾನೋ ನೋಡುತ್ತಿದ್ದ. ಅದಕ್ಕಿಂತ ಮುಖ್ಯವಾಗಿ, ಕೈಹಾಕುವ ಮುಂಚೆ ಅಮ್ಮನಿಗೆ ಪಕ್ಕಕ್ಕೆ ಸರಿ ಎಂದು ಹೇಳುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದ. ಹೇಳಿದವನಿಗೆ ತಂಡದಲ್ಲಿ ಜಾಗ ಗ್ಯಾರಂಟಿ. ಪಕ್ಕದವನಿಗೆ ಹೇಳದೆ ಕಾಲೆತ್ತಬೇಡ ಎನ್ನುವುದನ್ನು ಬಿಟ್ಟರೆ ಅವನು ಕಲಿಸಿದ್ದು ಹೆಚ್ಚೇನೂ ಇಲ್ಲ. ಐವರೂ ಗೊಣಗುಟ್ಟುತ್ತ, ನಾನು ಇವನನ್ನು ಹಿಡಿಯುತ್ತೇನೆ ನೀನು ಅವನನ್ನು ಹಿಡಿ ಎಂದು ಹೇಳಿಕೊಂಡೇ ಆಡುತ್ತಿದ್ದರು. ಗುರುವಾರ ಸಂಜೆ ಅವನ ಮನೆಯಲ್ಲಿ ಡೋರೀನ್ ಮಾಡಿದ ಹಂದಿ ಮಾಂಸ, ಹುಳಿ ಕೋಸು, ಹಿಟ್ಟಿನ ಉಂಡೆ ತಿನ್ನುವಾಗಲೂ ಅದೇ ಗೊಣಗಾಟ.

ಆರು ವರ್ಷ ಸುಖವಾಗಿ ಕಳೆಯಿತು. ಊರಿನ ಹತ್ತೊಂಬತ್ತು ಮಕ್ಕಳು ಡೋರೀನಳ ಹತ್ತಿರ ಪಿಯಾನೊ ಕಲಿಯುತ್ತಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುವವಳೂ ಅವಳೇ. ಆದರೆ ತಂಡ ಸೋಲತೊಡಗಿತು. ನವೆಂಬರಿನ ಒಂದು ಭಾನುವಾರ ಹೆಡ್ ಕೋಚ್‌ನನ್ನು ಮನೆಗೆ ಕಳಿಸಿದರು. ಸೋಮವಾರವೇ ಓಕ್ಲಹೋಮದ ದೊಡ್ಡ ಕಾಲೇಜೊಂದರಿಂದ ಆರ್ಲೋಗೆ ಫೋನು ಬಂತು. ದೊಡ್ಡ ಮೈದಾನ, ಎರಡರಷ್ಟು ಸಂಬಳ, ಹತ್ತು ದಿನದಲ್ಲಿ ಬರಬೇಕು. ನನ್ನ ಕೋಣೆಯಲ್ಲಿ ನಿಂತೇ ಅವನು ಎರಡು ನಿಮಿಷದಲ್ಲಿ ಹ್ಞೂಂ ಎಂದುಬಿಟ್ಟ.

ಸಂಜೆ ಹೆಂಡತಿಗೆ ತಿಳಿಸಿದನಂತೆ. ಅವಳು ಏನೂ ಅನ್ನಲಿಲ್ಲವಂತೆ. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ. ಎದುರಾಳಿಯ ಕಾಲ್ಬೆರಳು ಮಿಸುಕಿದರೆ ಸಾಕು, ಎತ್ತ ನುಗ್ಗುತ್ತಾನೆಂದು ಹೇಳಬಲ್ಲ ಮನುಷ್ಯ ಇವನು. ಹೆಂಡತಿಯ ಮುಖ ಓದಲು ಬರಲಿಲ್ಲ.

ಕೋಚ್‌ನ ಮನೆ ಖಾಲಿ ಮಾಡುವುದು ಅವನ ಐವರದೇ ಕೆಲಸ, ಅದಕ್ಕೆ ಯಾರೂ ಕರೆಯಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಬಂದರು. ನಡುವಿನವನು ಡೇಟನ್ ಹ್ರುಬಿ, ಮುನ್ನೂರು ಪೌಂಡಿನ ಹುಡುಗ. ಅಪ್ಪನ ದನ ಸಾಗಿಸುವ ಟ್ರೇಲರನ್ನು ತೊಳೆದು ತಂದಿದ್ದ. ಸರಿಯಾಗಿ ತೊಳೆದಿರಲಿಲ್ಲ. ಹತ್ತು ಗಂಟೆಯೊಳಗೆ ಸೋಫಾ, ಮಂಚ, ಬೀರು ಎಲ್ಲ ಅದರೊಳಗೆ ಸೇರಿ, ಪಿಯಾನೊ ಒಂದು ಉಳಿಯಿತು.

ಹುಡುಗರು ಭಾರ ಎತ್ತುವ ಪಟ್ಟಿ ಹಿಡಿದು ಬರುವ ಹೊತ್ತಿಗೆ ಡೋರೀನ್ ಪಿಯಾನೊ ಮುಂದೆ ಕೂತು ಒಂದು ಭಕ್ತಿಗೀತೆ ನುಡಿಸತೊಡಗಿದ್ದಳು. ಮುಗಿಯಲೆಂದು ನಿಂತರು. ಅದು ಮುಗಿಯಿತು, ಇನ್ನೊಂದು ಶುರುವಾಯಿತು. ಮೂರನೆಯದಕ್ಕೆ ಐವರೂ ಚರ್ಚಿನಲ್ಲಿದ್ದೇವೆ ಎಂಬಂತೆ ಟೋಪಿ ತೆಗೆದರು. ಹುಡುಗರು ಕಾಯುತ್ತಿದ್ದಾರೆ ಎಂದು ಆರ್ಲೋ ಮೆಲ್ಲಗೆ ಹೇಳಿದ.

ಅವಳು ಕೈ ನಿಲ್ಲಿಸಲಿಲ್ಲ. "ಇದು ಬರಲ್ಲ ಆರ್ಲೋ. ನಾನೂ ಬರಲ್ಲ."

"ಸೋಮವಾರನೇ ನಿಂಗೆ ಹೇಳಿದ್ನಲ್ಲ."

"ಫೋನ್ ಇಟ್ಟಮೇಲೆ ಹೇಳ್ದೆ. ಒಂಬತ್ತು ಸಲಾನೂ ಹಂಗೇ ಮಾಡಿದೀಯ."

ಡೇಟನ್ ಕುಹಕ ಗೊತ್ತಿಲ್ಲದ ಹುಡುಗ. ನಿಜವಾಗಿಯೂ ಗಾಬರಿಯಾಗಿ ಕೇಳಿದ: "ಕೋಚ್, ಪಕ್ಕದವ್ರಿಗೆ ಹೇಳ್ದೆ ಕಾಲೆತ್ತಿಬಿಟ್ರಾ?"

ಹುಡುಗನ ಕಥೆ ಮುಗಿಯಿತು ಎಂದುಕೊಂಡೆ. ಇಂಥ ಮಾತಿಗೆ ಮೈದಾನ ಇಪ್ಪತ್ತು ಸುತ್ತು ಓಡಿಸುವವನು ಆರ್ಲೋ. ಆದರೆ ಅವನ ಕಿವಿ ಕೆಂಪಗಾಯಿತು, ಅಷ್ಟೇ. ಹೊರಗೆ ಜಗಲಿಗೆ ಹೋಗಿ, ಚಳಿಯಲ್ಲಿ ಕೋಟಿಲ್ಲದೆ ಬರೀ ಅಂಗಿಯಲ್ಲೇ ನಿಂತು ಓಕ್ಲಹೋಮಕ್ಕೆ ಫೋನು ಮಾಡಿದ. ಅತ್ತಲಿಂದ ಯಾರೋ ಕೂಗಾಡುವುದು ನಮಗೂ ಕೇಳಿಸುತ್ತಿತ್ತು. ಒಳಗೆ ಬಂದವನೇ ಹೆಂಡತಿಯ ಪಕ್ಕ ನಿಂತು, ಇಲ್ಲೇ ಇದ್ದರೆ ತನಗೆ ಕೆಲಸವಿರುವುದಿಲ್ಲ, ಪರವಾಗಿಲ್ಲವೇ ಎಂದು ಕೇಳಿದ. ಇಪ್ಪತ್ತಾರು ವರ್ಷದಲ್ಲಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಪರ್ವಾಗಿಲ್ಲ. ಸೋಫಾ ಒಳಗೆ ತರ್ಸು, ದನದ ವಾಸ್ನೆ ಹಿಡಿಯುತ್ತೆ," ಎಂದಳು.

ಹುಡುಗರು ಯಾಕೆ ಏನು ಎನ್ನದೆ ಇಡೀ ಮನೆಯನ್ನು ಮತ್ತೆ ಒಳಗೆ ಹೊತ್ತು ತಂದರು, ಡೋರೀನ್ ಕೊಟ್ಟ ನಾಲ್ಕು ಡಜನ್ ಕೊಲಾಚಿ, ಹಣ್ಣಿನ ಹೂರಣದ ಬನ್ನು, ತಿಂದು ಡಬ್ಬಿಯ ತಳ ಕೆರೆದರು.

ಹೊಸ ಹೆಡ್ ಕೋಚ್ ಮೂವತ್ನಾಲ್ಕರ ಹುಡುಗ, ತನ್ನವನನ್ನೇ ತಂದ. ಆರ್ಲೋ ಈಗ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಾನೆ, ಶಾಲೆಯ ಬಸ್ಸು ಓಡಿಸುತ್ತಾನೆ. ಆ ಚಳಿಗಾಲವೆಲ್ಲ ಅವನು ಕಟ್ಟಿಹಾಕಿದ ಹೋರಿಯ ಹಾಗಿದ್ದ. ಬಸ್ಸು ಹತ್ತುವ ಮುಂಚೆ ಮಕ್ಕಳಿಗೆ ಮಂಡಿ ಬಗ್ಗಿಸಲು ಹೇಳುತ್ತಾನೆ ಎಂದು ದೂರು ಕೂಡ ಬಂತು.

ಸೆಪ್ಟೆಂಬರಿನ ಮೊದಲ ಶನಿವಾರ ಅವನು ಜೀವಮಾನದಲ್ಲಿ ಮೊದಲ ಸಲ ಜನರ ನಡುವೆ ಹಲಗೆಯ ಮೇಲೆ ಕೂತು ಕಾಲೇಜಿನ ಆಟ ನೋಡಿದ. ಅಷ್ಟರಲ್ಲಿ ನಾನೂ ಮಂಡಿನೋವಿಗೆ ಕೆಲಸ ಬಿಟ್ಟಿದ್ದೆ. ಗಂಡಹೆಂಡಿರ ಹಿಂದಿನ ಸಾಲಿನಲ್ಲೇ ಇದ್ದೆ. ಒಮ್ಮೆ ಜನರೆಲ್ಲ ಎದ್ದು ಕೂಗಿದರು. ಆರ್ಲೋ ಎಂದಿನಂತೆ ಡೇಟನ್ ಮತ್ತು ಅವನ ಪಕ್ಕದವರನ್ನೇ ನೋಡುತ್ತಿದ್ದವನು, ಚೆಂಡು ಹಿಡಿದು ಓಡಿದ್ದು ಯಾರು ಎಂದು ಹೆಂಡತಿಯನ್ನು ಕೇಳಿದ. ತನಗೇನು ಗೊತ್ತು ಎಂದಳು. ಇಷ್ಟು ವರ್ಷ ಒಂದು ಆಟವನ್ನೂ ತಪ್ಪಿಸದವಳಿಗೆ ಅಷ್ಟೂ ಗೊತ್ತಿಲ್ಲವೇ ಎಂದು ಅವನು ರೇಗಿಸಿದ.

"ನಾನು ಯಾವತ್ತು ಚೆಂಡು ನೋಡಿದೀನಿ ಆರ್ಲೋ? ಬರ್ತಿದ್ದಿದ್ದೇ ನಿನ್ನ ಐದು ಜನರನ್ನ ನೋಡಕ್ಕೆ," ಎಂದಳು ಡೋರೀನ್. "ಅಲ್ನೋಡು, ಡೇಟನ್ ಎಡಗಡೆಯವ್ನು ಸೊಂಟ ಎತ್ತಿಬಿಟ್ಟ. ನೀನಿದ್ದಾಗ ಹಂಗೆ ಮಾಡ್ತಿರ್ಲಿಲ್ಲ."

ಆರ್ಲೋ ನೋಡಿದ. ಹುಡುಗ ಎತ್ತಿದ್ದು ನಿಜ. ಅವನು ಆ ಸೊಟ್ಟ ಬೆರಳುಗಳಲ್ಲಿ ಹೆಂಡತಿಯ ಕೈ ಹಿಡಿದುಕೊಂಡು, ಮೈದಾನ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತ. ಅವನ ಕಣ್ಣು ತುಂಬಿತ್ತು. ಆಮೇಲಿನ ಆಟದಲ್ಲಿ ಏನಾಯಿತೆಂದು ಅವನನ್ನು ಕೇಳಿ ಪ್ರಯೋಜನವಿಲ್ಲ.