ನೂರರಾಚೆಗೆ ಏರಿಸಿದ ಸದ್ದು

ಸಿದ್ದಾಪುರದಲ್ಲಿ ಅಕ್ಕನ ಝೆರಾಕ್ಸ್ ಅಂಗಡಿಯಿತ್ತು. ಬಿ.ಎಸ್ಸಿ. ಮುಗಿಸಿದ ವರ್ಷ ಅಲ್ಲಿನ ಕಂಪ್ಯೂಟರಿಗೆ ನಾನೊಂದು ಮುಕ್ತ ತಂತ್ರಾಂಶದ ಪ್ಲೇಯರ್ ಹಾಕಿದ್ದೆ. ಅದು ಎಂಥ ಫೈಲನ್ನೂ ನುಡಿಸುತ್ತಿತ್ತು. ಮಿಕ್ಕ ಪ್ಲೇಯರುಗಳು ಶೇಕಡಾ ನೂರಕ್ಕೆ ನಿಲ್ಲಿಸುವ ಸದ್ದನ್ನು ಇನ್ನೂರರವರೆಗೂ ಏರಿಸುತ್ತಿತ್ತು. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಲೆಗಳು ಕ್ಷೀಣವಾಗಿದ್ದುದರಿಂದ ನನಗೆ ಅದೇ ಬೇಕಿತ್ತು.

“ಪುಕ್ಕಟೆ ಸಿಕ್ತು ಹೇಳಿ ಇಡೀ ದಿನ ಅದ್ರ ಮುಂದೇ ಕೂತ್ಗತ್ಯಲಾ!” ಎಂದು ಅಕ್ಕ ರೇಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ ಹಿಂದಿನಿಂದ ಅವಳು ಕರೆದದ್ದು ಕೇಳಿಸಿತು. ಕಾಗದದ ಕಟ್ಟು ತರಲು ಇರಬೇಕೆಂದುಕೊಂಡು, ಕೇಳದವನಂತೆ ಸದ್ದನ್ನು ನೂರರಾಚೆಗೆ ಏರಿಸಿದೆ. ತಾಳಮದ್ದಲೆಯ ಭಾಗವತರು ಪದ್ಯದ ಒಂದು ಸಾಲು ಮುಗಿಸಿದ ಮೇಲೆಯೇ ನಾನು ತಿರುಗಿದ್ದು.

ಅಕ್ಕನ ಕೈ ಝೆರಾಕ್ಸ್ ಯಂತ್ರದ ಬದಿಗೆ ಅಂಟಿಕೊಂಡಿತ್ತು. ಮೈ ಅದುರುತ್ತಿತ್ತು. ಬಾಯಿ ತೆರೆದಿತ್ತು, ಧ್ವನಿ ಇರಲಿಲ್ಲ. ಮುಟ್ಟಬಾರದೆಂದು ಗೊತ್ತಿತ್ತು. ಮೇನ್ ಸ್ವಿಚ್ ಬಾಗಿಲ ಹಿಂದಿದೆ ಎಂಬುದು ಮಾತ್ರ ನೆನಪಾಗಲೊಲ್ಲದು. ಹೆಡ್‌ಫೋನಿನ ತಂತಿ ಕುತ್ತಿಗೆಗೆ ತೊಡರಿಕೊಂಡಿದ್ದಂತೆಯೇ ಹುಚ್ಚನಂತೆ ಗೋಡೆ ತಡಕಿದೆ. ಕೊನೆಗೆ ಸ್ವಿಚ್ ಸಿಕ್ಕಿ ಕೆಳಗೆ ಎಳೆದಾಗ ಅವಳೂ ನೆಲಕ್ಕೆ ಕುಸಿದಳು.

ಸಂಜೆ ಆಸ್ಪತ್ರೆಯ ಮಂಚದಲ್ಲಿ, ಸುಟ್ಟ ಅಂಗೈಗೆ ಪಟ್ಟಿ ಕಟ್ಟಿಸಿಕೊಂಡವಳು ಕಣ್ಣು ತೆರೆದು ಕೇಳಿದಳು: “ಆನು ಕರದಿದ್ದು ಕೇಳಿದ್ದಿಲ್ಯನಾ ತಮಾ?”

“ಇಲ್ಲೆ ಅಕ್ಕಾ, ಕೇಳಿದ್ದೇ ಇಲ್ಲೆ” ಎಂದೆ.

ಅವಳು ನಂಬಿದಳು. ಆ ಒಂದು ಸಾಲು ಎಷ್ಟು ಹೊತ್ತಿನದಿತ್ತು ಎಂದು ನಾನು ಇವತ್ತಿಗೂ ಮನಸ್ಸಿನಲ್ಲೇ ಅಳೆಯುತ್ತಿರುತ್ತೇನೆ. ಭಾಗವತರು ಅದನ್ನೇ ಇನ್ನೊಮ್ಮೆ ಎತ್ತಿ ಹಾಡಿದ್ದರೆ ನಾನು ಖಂಡಿತ ಕೇಳುತ್ತಾ ಕೂತಿರುತ್ತಿದ್ದೆ.